ಆರನೇ ಪ್ರಶ್ನೆ ಮತ್ತು ಇದ್ದಿಲು ಬಸ್ಸು

ಕದಿರೇಶ ಮಾಡಿದ ತಪ್ಪು ಒಂದೇ. ಲೆಕ್ಕದ ಪುಸ್ತಕದಲ್ಲಿದ್ದ ರೈಲುಗಳನ್ನು ತೆಗೆದು, ಆ ಜಾಗದಲ್ಲಿ ಊರಿನ ಬಸ್ಸುಗಳನ್ನು ಓಡಿಸಿದ್ದು.

ಪುಸ್ತಕದಲ್ಲಿ ಒಂದು ರೈಲು ಇನ್ನೊಂದನ್ನು ಹಿಂದೆ ಹಾಕುವ ಲೆಕ್ಕಗಳು ಬೇಕಾದಷ್ಟಿದ್ದವು. ಆದರೆ ಮುಳಬಾಗಿಲಿಗೆ ರೈಲೇ ಇಲ್ಲ. ಹುಡುಗರು ಆ ಲೆಕ್ಕಗಳನ್ನು ದೇವಲೋಕದ ವಿಮಾನಗಳ ಸಮಾಚಾರದಂತೆ ಬಾಯಿ ತೆರೆದು ಕೇಳಿ, ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತಿದ್ದರು. ಕಣ್ಣಿಗೆ ಕಂಡದ್ದನ್ನು ಕೊಟ್ಟರೆ ಕಲಿಯುತ್ತಾರೆ ಎಂದು ಕದಿರೇಶನಿಗೆ ದೃಢವಾದ ನಂಬಿಕೆಯಿತ್ತು. ಹಾಗಾಗಿ ಅರ್ಧವಾರ್ಷಿಕ ಪರೀಕ್ಷೆಯ ಆರನೇ ಪ್ರಶ್ನೆಯನ್ನು ಅವನು ಹೀಗೆ ಬರೆದ:

"ಹತ್ತು ಗಂಟೆಗೆ ಶ್ರೀ ದೊಡ್ಡಮುನಿಯಪ್ಪನವರ ಇದ್ದಿಲು ಬಸ್ಸು ಗಂಟೆಗೆ ಹತ್ತು ಮೈಲಿ ವೇಗದಲ್ಲಿ ಮುಳಬಾಗಿಲಿನಿಂದ ಕೋಲಾರಕ್ಕೆ ಹೊರಡುತ್ತದೆ. ಅರ್ಧ ಗಂಟೆಯ ನಂತರ ಶ್ರೀ ಚನ್ನರಾಯಪ್ಪನವರ ಪೆಟ್ರೋಲು ಬಸ್ಸು ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಅದೇ ರಸ್ತೆಯಲ್ಲಿ ಹೊರಡುತ್ತದೆ. ಎರಡನೆಯದು ಮೊದಲನೆಯದನ್ನು ಎಷ್ಟು ಮೈಲಿಯಲ್ಲಿ ಹಿಂದೆ ಹಾಕುತ್ತದೆ?"

ಇಬ್ಬರಿಗೂ ಮರೆಯದೆ 'ಶ್ರೀ' ಹಾಕಿದ್ದ. ಮರ್ಯಾದೆಯಲ್ಲಿ ಒಂದು ಕೂದಲಿನಷ್ಟೂ ಲೋಪವಿರಲಿಲ್ಲ. ಲೋಪವಿದ್ದದ್ದು ಉತ್ತರದಲ್ಲಿ. ಹತ್ತು ಮೈಲಿ ಎಂದರೆ ಸರಿಯಾಗಿ ಹುಣಸೆ ತೋಪು. ಮುಳಬಾಗಿಲಿನ ಹಸುಗೂಸಿಗೂ ಗೊತ್ತಿದ್ದ ಜಾಗ.

ಯುದ್ಧದ ಕಾಲ. ಪೆಟ್ರೋಲು ರೇಷನ್ನಿಗೆ ಬಿದ್ದಿತ್ತು. ಹೇಗೋ ಕೂಪನ್ನು ಗಿಟ್ಟಿಸಿಕೊಂಡ ಚನ್ನರಾಯಪ್ಪನವರ ಬಸ್ಸು ಪೆಟ್ರೋಲಿನಲ್ಲೇ ಓಡುತ್ತಿತ್ತು. ಗಿಟ್ಟದ ದೊಡ್ಡಮುನಿಯಪ್ಪನವರು ತಮ್ಮ ಬಸ್ಸಿನ ಬೆನ್ನಿಗೆ ಆಳೆತ್ತರದ ಒಲೆಯೊಂದನ್ನು ಕಟ್ಟಿಸಿ, ಇದ್ದಿಲು ಸುಟ್ಟು, ಆ ಹೊಗೆಯಿಂದ ಬಸ್ಸು ಓಡಿಸುತ್ತಿದ್ದರು. ದೂರದಿಂದ ನೋಡಿದರೆ ಅಡುಗೆ ಮನೆಯೊಂದು ಊರು ಬಿಟ್ಟು ಓಡಿಹೋಗುತ್ತಿರುವಂತೆ ಕಾಣುತ್ತಿತ್ತು. ಇಬ್ಬರೂ ದೂರದ ನೆಂಟರು. ರೂಟಿನ ಪರ್ಮಿಟ್ಟಿನ ಜಗಳದಲ್ಲಿ ಮಾತು ಬಿಟ್ಟು ಐದು ವರ್ಷವಾಗಿತ್ತು.

ಇಷ್ಟರಿಂದ ಕದಿರೇಶನಿಗೇನು ಎಂದರೆ, ಅವನು ಪಾಠ ಹೇಳುತ್ತಿದ್ದ ಖಾಸಗಿ ಶಾಲೆಯ ಸಮಿತಿಗೆ ದೊಡ್ಡಮುನಿಯಪ್ಪನವರು ಅಧ್ಯಕ್ಷರು, ಚನ್ನರಾಯಪ್ಪನವರು ಉಪಾಧ್ಯಕ್ಷರು. ಇಬ್ಬರ ಸಹಿಯೂ ಬೀಳದ ಕಾಗದ ಒಲೆ ಹೊತ್ತಿಸುವುದಕ್ಕಷ್ಟೇ ಲಾಯಕ್ಕು. ಕದಿರೇಶ ಎರಡು ವರ್ಷದಿಂದ ಹಂಗಾಮಿ ಮೇಷ್ಟ್ರು. ಅವನನ್ನು ಖಾಯಂ ಮಾಡುವ ಕಾಗದ ಆ ಭಾನುವಾರ ಸಂಜೆ ಸಮಿತಿಯ ಮುಂದೆ ಬರುವುದಿತ್ತು. ಶ್ರೀನಿವಾಸಪುರದಲ್ಲಿ ಗಂಗರತ್ನಮ್ಮ ಎಂಬ ಹುಡುಗಿಯನ್ನು ಅವನು ನೋಡಿ ಬಂದಿದ್ದ. ಹುಡುಗಿಯ ತಂದೆ, "ಖಾಯಂ ಆಗ್ಲಿ, ಆಮೇಲೆ ಮಾತಾಡೋಣ" ಎಂದು ಕಾಫಿ ಕೊಟ್ಟು ಕಳಿಸಿದ್ದರು.

ಆ ಭಾನುವಾರ ಬೆಳಿಗ್ಗೆ ಕದಿರೇಶ ಇನ್ನೂ ಮುಖ ತೊಳೆದಿರಲಿಲ್ಲ. ದೊಡ್ಡಮುನಿಯಪ್ಪನವರು ಬಂದು ಜಗಲಿಯ ಮೇಲೆ ಕುಳಿತರು. ಜಗಲಿ ಸ್ವಲ್ಪ ನರಳಿತು.

"ಮೇಷ್ಟ್ರೇ, ನಾನು ನಿಮಗೇನು ಅನ್ಯಾಯ ಮಾಡಿದ್ದೆ?"

"ಏನೂ ಇಲ್ವಲ್ಲ ಸ್ವಾಮಿ."

"ಮತ್ತೆ ನನ್ ಬಸ್ಸನ್ನ ಹುಣಸೆ ತೋಪಿನ ಹತ್ರ ಯಾಕೆ ಹಿಂದೆ ಹಾಕ್ಸಿದ್ರಿ?"

"ನಾನು ಹಾಕ್ಸಿಲ್ಲ ಸ್ವಾಮಿ. ಲೆಕ್ಕದಲ್ಲಿ ಹಾಗೆ ಬರುತ್ತೆ."

"ನೀವು ಬರೆದಿದ್ದಕ್ಕೆ ತಾನೇ ಬಂದಿದ್ದು? ನಲವತ್ತು ಹುಡುಗ್ರು ಬೆಂಚಿನ ಮೇಲೆ ಕೂತ್ಕೊಂಡು ಒಬ್ಬೊಬ್ರೂ ಒಂದೊಂದ್ಸಲ ನನ್ ಬಸ್ಸನ್ನ ಹಿಂದೆ ಹಾಕವ್ರೆ. ನಲವತ್ತು ಸಲ! ನನ್ನ ಮೊಮ್ಮಗನೂ ಹಾಕವ್ನೆ!"

ಮನೆಯ ಒಡತಿ ಮುನಿಯಲ್ಲಮ್ಮ ಬಾಗಿಲಿಗೆ ನೀರು ಹಾಕುವುದನ್ನು ನಿಲ್ಲಿಸಿ ಚೊಂಬು ಹಿಡಿದೇ ಬಂದಳು. ಊರಿನ ಯಾವ ಗಂಡಸನ್ನೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ ಅವಳು.

"ಮೊಮ್ಮಗನ ಉತ್ರ ಸರಿ ಬಂತಾ ದೊಡ್ಡಮುನಿಯಪ್ಪಾ?"

"ಸರಿ ಬಂತಂತೆ. ಅದೇ ಉರೀತಿರೋದು ನಂಗೆ."

ಪ್ರಶ್ನೆಪತ್ರಿಕೆ ಆ ವರ್ಷ ಕೋಲಾರದ ಪ್ರೆಸ್ಸಿನಲ್ಲಿ ಅಚ್ಚಾಗಿ ಬಂದಿತ್ತು. ಹಿಂದಿನ ಸಂಜೆಯೇ ಅದರ ಒಂದು ಪ್ರತಿ ಚನ್ನರಾಯಪ್ಪನವರ ಬಸ್ಸಿನ ಮುಂದಿನ ಗಾಜಿಗೆ ಅಂಟಿಕೊಂಡಿತ್ತು. ಆರನೇ ಪ್ರಶ್ನೆಯ ಸುತ್ತ ಕುಂಕುಮದ ಗೆರೆ.

"ಅಚ್ಚಾಗಿದೆ ಮೇಷ್ಟ್ರೇ! ಬಾಯ್ ಮಾತಾದ್ರೆ ಗಾಳಿಗೆ ಹೋಯ್ತು ಅನ್ಬೋದು. ಅಚ್ಚಾದದ್ದನ್ನ ಯಾವ ಗಾಳಿ ಹೊತ್ಕೊಂಡು ಹೋಗುತ್ತೆ? ನೀವು ಉತ್ರ ಬದಲಾಯಿಸ್ಬೇಕು."

"ಉತ್ತರ ನನ್ನ ಕೈಯಲ್ಲಿಲ್ಲ ಸ್ವಾಮಿ."

"ನಿಮ್ ಕೆಲಸ ನನ್ ಕೈಯಲ್ಲಿದೆ."

ಕದಿರೇಶನಿಗೆ ಮೌನ ಎಂದರೆ ಇಷ್ಟ. ಲೆಕ್ಕ ಮುಗಿದ ಮೇಲೆ ತರಗತಿಯಲ್ಲಿ ಬೀಳುವ ಮೌನದಲ್ಲಿ ಅವನು ಸುಖವಾಗಿ ನಿಲ್ಲುತ್ತಿದ್ದ. ಜಗಲಿಯ ಮೇಲೆ ಈಗ ಬಿದ್ದ ಮೌನ ಆ ಜಾತಿಯದಲ್ಲ. ಅದನ್ನು ಮುರಿದದ್ದು ಬೀದಿಯ ತಿರುವಿನಲ್ಲಿ ಕೇಳಿದ ಮೆಟ್ಟಿನ ಸದ್ದು. ತೆಳ್ಳಗೆ, ಕರಿ ಟೋಪಿಯ, ಕೈಗಡಿಯಾರದ ಚನ್ನರಾಯಪ್ಪನವರು ಬಂದು ಜಗಲಿಯ ಇನ್ನೊಂದು ತುದಿಯಲ್ಲಿ ಕುಳಿತರು.

"ಮೇಷ್ಟ್ರೇ, ಉತ್ತರ ಬದಲಾಯಿಸೋ ಮಾತು ಕಿವಿಗೆ ಬಿತ್ತು. ಬದಲಾಯಿಸಿದ್ರೆ ಸಂಜೆ ನನ್ನ ಪೆನ್ನಲ್ಲಿ ಮಸಿ ಇರಲ್ಲ ಅಂತ ತಿಳ್ಕೊಳ್ಳಿ."

"ಮೇಷ್ಟ್ರೇ, ಅವರಿಗೆ ಹೇಳಿ," ಎಂದರು ದೊಡ್ಡಮುನಿಯಪ್ಪನವರು, ಮುಖ ತಿರುಗಿಸದೆ. "ನನ್ ಬಸ್ಸು ಗಂಟೆಗೆ ಹತ್ತೇ ಮೈಲಿ ಅಂತ ಅಳೆದೋರು ಯಾರು ಅಂತ ಕೇಳಿ."

ಆ ಕಡೆಯ ವಾಡಿಕೆ ಅದು. ಮಾತು ಬಿಟ್ಟ ನೆಂಟರು ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ನಡುವೆ ಒಬ್ಬನನ್ನು ನಿಲ್ಲಿಸಿಕೊಂಡು ಅವನ ಮೂಲಕ ಬೈದಾಡುತ್ತಾರೆ. ನಡುವೆ ನಿಂತವನು ಒಂದು ಮೊಳ ದೂರದಲ್ಲಿ ಕೇಳಿದ್ದನ್ನು ಇನ್ನೊಂದು ಮೊಳ ದೂರಕ್ಕೆ ಸಾಗಿಸಬೇಕು.

"ಅಳೆದೋರು ಯಾರು ಅಂತ ಕೇಳ್ತಿದಾರೆ," ಎಂದ ಕದಿರೇಶ.

"ಹತ್ತು ಅನ್ನೋದೇ ಧಾರಾಳ ಅಂತ ಹೇಳಿ. ಮೊನ್ನೆ ಅವರ ಬಸ್ಸನ್ನ ಒಂದು ಎಮ್ಮೆ ಹಿಂದೆ ಹಾಕ್ತಂತೆ ಅಂತ್ಲೂ ಹೇಳಿ."

"ಎಮ್ಮೆ..." ಎಂದು ಕದಿರೇಶ ತಡವರಿಸಿದ.

"ಕೇಳಿಸ್ತು ಬಿಡ್ರಿ!" ಎಂದು ದೊಡ್ಡಮುನಿಯಪ್ಪನವರು ಎದ್ದು ನಿಂತರು. "ಇವತ್ತೇ ನೋಡ್ಬಿಡೋಣ. ನಿಮ್ ಪ್ರಶ್ನೇಲಿ ಇರೋ ಹಾಗೇನೇ. ಹತ್ತು ಗಂಟೆಗೆ ನನ್ ಬಸ್ಸು, ಅರ್ಧ ಗಂಟೆ ಬಿಟ್ಟು ಅವರದು. ಮೇಷ್ಟ್ರು ನನ್ ಪಕ್ಕದಲ್ಲಿ ಕೂತಿರ್ಬೇಕು. ಕೋಲಾರದವರೆಗೂ ಆ ಪೆಟ್ರೋಲ್ ಡಬ್ಬ ನನ್ ಬಸ್ಸನ್ನ ಹಿಂದೆ ಹಾಕ್ದಿದ್ರೆ, ಲೆಕ್ಕ ತಪ್ಪು ಅಂತ ಮೇಷ್ಟ್ರು ಬರ್ದುಕೊಡ್ಬೇಕು. ಆಗ ಸಹಿ."

"ಹಿಂದೆ ಹಾಕಿದ್ರೆ ನನ್ ಸಹಿ," ಎಂದರು ಚನ್ನರಾಯಪ್ಪನವರು, ಆಕಾಶಕ್ಕೆ.

ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೊರಟುಹೋದರು. ಯಾರು ಗೆದ್ದರೂ ಒಂದೇ ಸಹಿ. ಮುನಿಯಲ್ಲಮ್ಮ ಚೊಂಬಿನ ನೀರನ್ನು ಬೀದಿಗೆ ಚೆಲ್ಲಿ, "ಮುಗೀತು ನಾಯ್ನಾ ನಿನ್ ಕತೆ" ಎಂದಳು.

ಆದರೆ ಕದಿರೇಶ ಆಗಲೇ ಗೋಡೆಯ ಮೇಲೆ ಇದ್ದಿಲ ಚೂರಿನಿಂದ ಅಂಕಿ ಬರೆಯುತ್ತಿದ್ದ. ಅವನ ಮುಖ ನಿಧಾನವಾಗಿ ಬೆಳಗಿತು. ಇಂಥ ಲೆಕ್ಕ ಅವನ ಕೈಗೆ ಸಿಕ್ಕಿ ತಪ್ಪಿಸಿಕೊಂಡದ್ದೇ ಇಲ್ಲ.

"ನೋಡಮ್ಮ, ಕೋಲಾರಕ್ಕೆ ಹದಿನೆಂಟು ಮೈಲಿ. ಇದ್ದಿಲು ಬಸ್ಸಿಗೆ ಎರಡು ಗಂಟೆಗೆ ಹನ್ನೆರಡು ನಿಮಿಷ ಕಮ್ಮಿ. ಪೆಟ್ರೋಲು ಬಸ್ಸಿಗೆ ಅದರಲ್ಲಿ ಅರ್ಧ, ಅಂದ್ರೆ ಐವತ್ನಾಲ್ಕು ನಿಮಿಷ. ಅದು ಅರ್ಧ ಗಂಟೆ ತಡವಾಗಿ ಹೊರಟರೆ ಹುಣಸೆ ತೋಪಲ್ಲೇ ಹಿಡಿಯುತ್ತೆ. ಐವತ್ನಾಲ್ಕು ನಿಮಿಷ ತಡವಾಗಿ ಹೊರಟರೆ?"

"ನಂಗೇನ್ ಗೊತ್ತು?"

"ಎರಡೂ ಒಟ್ಟಿಗೆ ಕೋಲಾರ ಸೇರ್ತವೆ! ದೊಡ್ಡಮುನಿಯಪ್ಪನವರನ್ನ ಯಾರೂ ಹಿಂದೆ ಹಾಕಿರಲ್ಲ. ಅಷ್ಟು ತಡವಾಗಿ ಹೊರಟೂ ಸರಿಸಮ ಬಂದೆ ಅಂತ ಚನ್ನರಾಯಪ್ಪನವರಿಗೂ ಹೆಮ್ಮೆ. ಇಬ್ಬರೂ ಸಹಿ ಹಾಕ್ತಾರೆ. ಅರ್ಧ ಗಂಟೆಯ ಮೇಲೆ ಇನ್ನೂ ಇಪ್ಪತ್ನಾಲ್ಕು ನಿಮಿಷ ಪೆಟ್ರೋಲು ಬಸ್ಸನ್ನ ಯಾರಾದ್ರೂ ನಿಲ್ಲಿಸ್ಕೊಂಡ್ರೆ ಸಾಕು."

ಮುನಿಯಲ್ಲಮ್ಮನ ಕಣ್ಣು ಹೊಳೆಯಿತು. ಬಸ್ಸು ನಿಲ್ಲಿಸುವುದರಲ್ಲಿ ಅವಳನ್ನು ಮೀರಿಸಿದವರು ಆ ರೂಟಿನಲ್ಲಿರಲಿಲ್ಲ. ಹತ್ತಿದ ಮೇಲೆ ಎಲೆ ಅಡಿಕೆ ಚೀಲ ಮರೆತು ಇಳಿಯುವುದು, ಇಳಿದ ಮೇಲೆ ಸಿಕ್ಕವರ ಮನೆಯ ಬಾಣಂತಿಯನ್ನು ವಿಚಾರಿಸುವುದು, ಇವು ಅವಳಿಗೆ ಉಸಿರಾಟವಿದ್ದಂತೆ.

"ನಿನ್ ಮದುವೆ ಊಟಕ್ಕೋಸ್ಕರ ಮಾಡ್ತೀನಿ ಬಿಡು. ಒಂದು ಕೋಳೀನೂ ಹಿಡ್ಕೊಂಡು ಹೋಗ್ತೀನಿ, ಕೈಗೆ ಆಸರೆಗಿರ್ಲಿ."

ಹತ್ತು ಗಂಟೆಗೆ ಅರ್ಧ ಊರೇ ಬಸ್ಸಿನ ಸುತ್ತ ನೆರೆದಿತ್ತು. ಕೋಲಾರದಲ್ಲಿ ಯಾವ ಕೆಲಸವೂ ಇಲ್ಲದವರೆಲ್ಲ ಟಿಕೀಟು ಕೊಂಡು ಹತ್ತಿದರು. ಡ್ರೈವರು ಮುನಿಶಾಮಿ ಒಲೆಗೆ ಇದ್ದಿಲು ಸುರಿದು ಗಾಳಿಚಕ್ರ ತಿರುಗಿಸಿದ. ಬಸ್ಸು ಮೊದಲು ಕೆಮ್ಮಿತು, ಆಮೇಲೆ ಸೀನಿತು, ಕೊನೆಗೆ ನೆಗಡಿಯಾದ ಆನೆಯಂತೆ ಹೊರಟಿತು. ಬಲಗಡೆಯ ಕಿಟಕಿಯ ಪಕ್ಕ ದೊಡ್ಡಮುನಿಯಪ್ಪನವರು. ಅವರ ಪಕ್ಕ, ಅವರ ತೋಳಿನ ಕೆಳಗೆ ಅರ್ಧ ಮುಚ್ಚಿಹೋಗಿ, ಕದಿರೇಶ.

"ಮುನಿಶಾಮಿ, ಕೋಲಾರ ಬರೋವರ್ಗೂ ಎಲ್ಲೂ ನಿಲ್ಲಿಸ್ಬೇಡ."

"ನಾನು ದೇವರಾಯಸಮುದ್ರದಲ್ಲಿ ಇಳೀಬೇಕು!" ಎಂದು ಹಿಂದಿನಿಂದ ಒಬ್ಬ ಕೂಗಿದ.

"ವಾಪಸ್ ಬರ್ತಾ ಇಳ್ಕೊಳ್ಳಯ್ಯಾ!"

ಹೀಗೆ ಇಳಿಯಬೇಕಾದವರೆಲ್ಲ ತಮ್ಮ ತಮ್ಮ ಊರುಗಳು ಕಿಟಕಿಯಾಚೆ ಹಾದುಹೋಗುವುದನ್ನು ನೋಡುತ್ತ, ಹೆಂಡತಿ ಮಕ್ಕಳಿಗೆ ಕೈಬೀಸುತ್ತ ಮುಂದೆ ಸಾಗಿದರು. ಇಳಿಜಾರಿನಲ್ಲಿ ಬಸ್ಸು ಹತ್ತು ಮೈಲಿಯನ್ನು ಮೀರಿ ಓಡಿತು. ಎಲ್ಲರೂ ಕೇಕೆ ಹಾಕಿದರು. ಕದಿರೇಶನೊಬ್ಬ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ. ಹೀಗೆ ಓಡಿದರೆ ಲೆಕ್ಕದ ಗತಿಯೇನು? ದೇವರು ಅವನ ಮೊರೆ ಕೇಳಿದನೆಂದು ಕಾಣುತ್ತದೆ. ಮುಂದಿನ ಏರಿನಲ್ಲಿ ಬಸ್ಸು ನಿಂತೇಬಿಟ್ಟಿತು. ಎಲ್ಲರೂ ಇಳಿದು ತಳ್ಳಿದರು. ತಳ್ಳುವಾಗ ಬಸ್ಸಿನ ವೇಗವನ್ನು ಎಷ್ಟೆಂದು ಹಿಡಿಯುವುದು ಎಂದು ಅವನು ಬೆವರೊರೆಸಿಕೊಳ್ಳುತ್ತ ಯೋಚಿಸಿದ.

ಹುಣಸೆ ತೋಪು ಬಂತು. ಎಲ್ಲರೂ ಹಿಂದೆ ತಿರುಗಿ ನೋಡಿದರು. ರಸ್ತೆ ಖಾಲಿ.

"ಎಲ್ರೀ ಮೇಷ್ಟ್ರೇ ನಿಮ್ ಪೆಟ್ರೋಲು?" ದೊಡ್ಡಮುನಿಯಪ್ಪನವರು ಕದಿರೇಶನ ಬೆನ್ನಿಗೆ ಪ್ರೀತಿಯಿಂದ ಒಂದು ಗುದ್ದು ಕೊಟ್ಟರು. ಕದಿರೇಶ ಮುನಿಯಲ್ಲಮ್ಮನನ್ನು ಮನಸ್ಸಿನಲ್ಲೇ ನೆನೆದ.

ತೋಪು ದಾಟಿದ ಮೇಲೆ ಒಲೆ ಆರುತ್ತ ಬಂತು. ಮುನಿಶಾಮಿ ಇಳಿದು ಸಲಾಕೆಯಿಂದ ಕೆದಕಿದ. ಚಕ್ರ ತಿರುಗಿಸಲು ಒಬ್ಬರಾದ ಮೇಲೆ ಒಬ್ಬರು ಕೈಕೊಟ್ಟರು. ತನ್ನ ತಲೆಯ ರುಮಾಲನ್ನೇ ಒಲೆಗೆ ಹಾಕಲು ಹೋದ ಒಬ್ಬನನ್ನು ಪಕ್ಕದವರು ಹಿಡಿದುಕೊಂಡರು. ಕಳೆದ ನಿಮಿಷಗಳನ್ನು ಕೂಡಿ ಕಳೆದು ಗುಣಿಸುತ್ತಿದ್ದ ಕದಿರೇಶನನ್ನು ಒಂದು ಹಂತದಲ್ಲಿ ಲೆಕ್ಕ ಕೈಬಿಟ್ಟಿತು. ಆದರೂ ಅವನ ಧೈರ್ಯ ಕೈಬಿಡಲಿಲ್ಲ. ಕೋಲಾರದ ಮನೆಗಳು ಮರಗಳ ಸಂದಿನಲ್ಲಿ ಕಾಣತೊಡಗಿದವು. ಅದೇ ಹೊತ್ತಿಗೆ ಹಿಂದಿನಿಂದ ಪೆಟ್ರೋಲು ಬಸ್ಸಿನ ಹಾರನ್ ಸದ್ದು ಕೇಳಿತು.

ಊರಿಗೆ ಮುಂಚೆ ಒಂದು ಹಳೆಯ ಕಲ್ಲುಸೇತುವೆ. ಒಂದು ಬಸ್ಸು ಧಾರಾಳವಾಗಿ ಹೋಗುವಷ್ಟು ಅಗಲ. ಎರಡು ಬಸ್ಸು ಹೋಗಬಹುದೇ ಎಂದು ಅದುವರೆಗೆ ಯಾರೂ ಪರೀಕ್ಷಿಸಿರಲಿಲ್ಲ.

"ಬಿಡ್ಬೇಡ ಮುನಿಶಾಮಿ!" ಎಂದು ದೊಡ್ಡಮುನಿಯಪ್ಪನವರು ಕಿರುಚಿದರು. ಪೆಟ್ರೋಲು ಬಸ್ಸಿನಲ್ಲೂ ಅದೇ ಅರ್ಥದ ಮಾತು ಕೇಳಿಸಿತು. ಎರಡೂ ಬಸ್ಸುಗಳು ಒಂದೇ ಕ್ಷಣದಲ್ಲಿ, ಒಂದೇ ಸಮನಾಗಿ, ಸೇತುವೆಯ ಮೇಲೆ ನುಗ್ಗಿದವು. ತಗಡು ತಗಡಿಗೆ ಉಜ್ಜಿತು. ಎಡದ ಬಸ್ಸು ಎಡಗಡೆಯ ಗೋಡೆಗೆ, ಬಲದ ಬಸ್ಸು ಬಲಗಡೆಯ ಗೋಡೆಗೆ, ನಡುವೆ ಬಸ್ಸಿಗೆ ಬಸ್ಸು ಕಚ್ಚಿಕೊಂಡು ಕಡುಬು ಪಾತ್ರೆಯಲ್ಲಿ ಒತ್ತಿಟ್ಟ ಕಡುಬುಗಳಂತೆ ನಿಂತುಬಿಟ್ಟವು. ಹಿಂದಕ್ಕಿಲ್ಲ, ಮುಂದಕ್ಕಿಲ್ಲ.

ಕದಿರೇಶ ಒಂದು ದೀರ್ಘವಾದ ಉಸಿರು ಬಿಟ್ಟ. ಒಂದೇ ಕಾಲದಲ್ಲಿ, ಒಂದೇ ಸ್ಥಳದಲ್ಲಿ, ಎರಡು ವಾಹನಗಳು. ಅವನ ಲೆಕ್ಕದೊಳಗಿದ್ದ ಒಂದು ಅಂಕಿಯೂ ಆ ದಿನ ನಿಜವಾಗಿರಲಿಲ್ಲ. ಉತ್ತರ ಮಾತ್ರ ಸರಿಯಾಗಿ ಬಂದಿತ್ತು.

ಎರಡು ಬಸ್ಸಿನ ಬಾಗಿಲುಗಳೂ ಎಡಗಡೆಗೆ. ಒಂದಕ್ಕೆ ಗೋಡೆ ಅಡ್ಡ, ಇನ್ನೊಂದಕ್ಕೆ ಬಸ್ಸೇ ಅಡ್ಡ. ತೆಳ್ಳಗಿದ್ದ ಕೆಲವರು ಹಿಂದಿನ ಕಿಟಕಿಯಿಂದ ನುಸುಳಿ ಹಾರೆ, ಜನ ತರಲು ಕೋಲಾರಕ್ಕೆ ಓಡಿದರು. ಉಳಿದವರು ಕುಳಿತರು. ದೊಡ್ಡಮುನಿಯಪ್ಪನವರ ಕಿಟಕಿಗೆ ಎರಡು ಗೇಣು ದೂರದಲ್ಲಿ ಚನ್ನರಾಯಪ್ಪನವರ ಕಿಟಕಿ. ಅವರ ಪಕ್ಕದಲ್ಲಿ ಕೋಳಿ ಹಿಡಿದ ಮುನಿಯಲ್ಲಮ್ಮ.

ಒಲೆಯೊಳಗೆ ಇದ್ದಿಲು ಚಟಗುಟ್ಟುವುದು ಕೇಳುತ್ತಿತ್ತು. ಐದು ವರ್ಷ ಒಬ್ಬರ ಮುಖ ಒಬ್ಬರು ನೋಡದಿದ್ದವರಿಗೆ ಈಗ ಬೇರೇನನ್ನೂ ನೋಡಲು ಜಾಗವಿರಲಿಲ್ಲ.

"ಮೇಷ್ಟ್ರೇ," ಎಂದರು ದೊಡ್ಡಮುನಿಯಪ್ಪನವರು ಕೊನೆಗೆ. "ಅವರನ್ನ ಕೇಳಿ. ಅರ್ಧ ಗಂಟೆಗೇ ಹೊರಟ್ರಾ ಅಂತ."

ಕದಿರೇಶ ಮುನಿಯಲ್ಲಮ್ಮನಿಗೆ ಹೇಳಿದ. ಮುನಿಯಲ್ಲಮ್ಮ ಚನ್ನರಾಯಪ್ಪನವರಿಗೆ ಹೇಳಿದಳು.

"ಎಲ್ಲಿ ಹೊರಡೋದು ಅಂತ ಹೇಳಮ್ಮ. ಈ ನಿನ್ ಕೋಳಿ ಇಂಜಿನ್ ಕೆಳಗೆ ನುಗ್ತು. ಅದನ್ನ ಹಿಡಿಯೋಕೆ ಹತ್ತು ಜನ ಇಳಿದ್ರು. ಅವರನ್ನ ಹಿಡಿದು ಹತ್ತಿಸೋ ಹೊತ್ತಿಗೆ ಗಂಟೆಯಾಯ್ತು."

ದೊಡ್ಡಮುನಿಯಪ್ಪನವರ ಮೀಸೆ ಅಲುಗಿತು. ಅವರು ನಗು ತಡೆದುಕೊಂಡರು. ತಡೆದ ನಗು ಹೊಟ್ಟೆಗಿಳಿದು ಬಸ್ಸಿನ ಸೀಟು ಅಲುಗಾಡಿತು. ಚನ್ನರಾಯಪ್ಪನವರು ಜೇಬು ತಡಕಿದರು, ಸಪ್ಪಗೆ ಮುಖ ಮಾಡಿದರು, ಆಮೇಲೆ ಯಾರ ಮೂಲಕವೂ ಅಲ್ಲದೆ, ನೇರವಾಗಿ ಕೇಳಿದರು:

"ಬಾವಾ, ಎಲೆ ಅಡಿಕೆ ಏನಾದ್ರೂ ಇದ್ಯಾ?"

ಕಿಟಕಿಯಿಂದ ಕಿಟಕಿಗೆ ಎಲೆ ದಾಟಿತು. ಸುಣ್ಣ ದಾಟಿತು. ಕದಿರೇಶ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ. ಸಂಜೆಯ ಎರಡು ಸಹಿಗಳು, ಒಂದು ಗುಂಡಗೆ, ಒಂದು ಉದ್ದಕ್ಕೆ, ಅವನ ರೆಪ್ಪೆಗಳ ಒಳಗೆ ತಾವಾಗಿ ಮೂಡಿದವು. ಗಂಗರತ್ನಮ್ಮನ ತಂದೆಗೆ ಬರೆಯಬೇಕಾದ ಕಾರ್ಡಿನ ಮೊದಲ ಸಾಲೂ ಸಿದ್ಧವಾಯಿತು.

ಮುನಿಯಲ್ಲಮ್ಮನಿಗೆ ಮಾತ್ರ ಮೌನ ಒಗ್ಗುವುದಿಲ್ಲ. ಸಾಗಿಸಲು ಮಾತಿಲ್ಲದೆ ಅವಳ ಬಾಯಿ ನವೆಯಾಗುತ್ತಿತ್ತು.

"ಅಲ್ಲ ಚನ್ನರಾಯಪ್ಪಾ, ಮನೇಲಿ ನಿನ್ ಮಗಳು ಶಾಮಲಮ್ಮ ಮದುವೆಗೆ ಬೆಳೆದು ನಿಂತವ್ಳೆ. ಗಂಡು ಹುಡುಕ್ಕೊಂಡು ನೀನು ಮದನಪಲ್ಲಿವರ್ಗೂ ಹೋಗಿ ಬಂದೆ. ಎರಡು ಗೇಣು ದೂರದಲ್ಲಿ ಕೂತಿರೋ ಈ ದೊಡ್ಡಮುನಿಯಪ್ಪನ ಕಿರೀಮಗ ಕೋದಂಡರಾಮ ಬಿ.ಎ. ಮಾಡ್ಕೊಂಡು ಮನೇಲಿ ಬಿದ್ದವ್ನಲ್ಲಾ, ನಿನ್ ಕಣ್ಗೆ ಕಾಣ್ಲಿಲ್ವಾ?"

ಇಬ್ಬರ ದವಡೆಗಳೂ ಒಟ್ಟಿಗೆ ನಿಂತವು. ಆಮೇಲೆ ಒಟ್ಟಿಗೆ ನಿಧಾನವಾಗಿ ಮತ್ತೆ ಅಗಿಯತೊಡಗಿದವು.

"ಹುಡುಗ ಒಳ್ಳೇವ್ನೇ," ಎಂದರು ಚನ್ನರಾಯಪ್ಪನವರು. "ಆದ್ರೆ ಬಾವಾ, ನನ್ ಅಳಿಯ ಇದ್ದಿಲು ಸುರಿಯೋದು ನಂಗೆ ಒಪ್ಪಿಗೆ ಇಲ್ಲ. ನಾಲ್ಕು ಜನ ನಮಸ್ಕಾರ ಅನ್ನೋ ಅಂಥ ಕೆಲಸ ಇರ್ಬೇಕು. ಖಾಯಂ ಕೆಲಸ."

"ಅಯ್ಯೋ, ಕೆಲಸಕ್ಕೇನು ಬಾವಾ?" ದೊಡ್ಡಮುನಿಯಪ್ಪನವರು ಕಿಟಕಿಯಾಚೆ ಉಗುಳಲು ಜಾಗವಿಲ್ಲದೆ ನುಂಗಿಕೊಂಡರು. "ಕೆಲಸ ಕೊಡೋರು ನಾವಿಬ್ರೇ ಅಲ್ವಾ?"

ಕದಿರೇಶ ಕಣ್ಣು ತೆರೆದ.

ಎರಡು ವರ್ಷದ ಹಿಂದೆ ತನ್ನನ್ನು ಯಾಕೆ ತೆಗೆದುಕೊಂಡರು ಎಂದು ಅವನು ಎಂದೂ ಯೋಚಿಸಿರಲಿಲ್ಲ; ಲೆಕ್ಕ ಚೆನ್ನಾಗಿ ಬರುತ್ತದೆ ಎಂದೇ ತಿಳಿದಿದ್ದ. ಈಗ ಹೊಳೆಯಿತು: ಇವರು ತಂದವರನ್ನು ಅವರು ಬೇಡವೆಂದಿದ್ದರು, ಅವರು ತಂದವರನ್ನು ಇವರು. ಯಾರ ಕಡೆಯವನೂ ಅಲ್ಲದ ತಾನು ಆ ಜಗಳದ ಸಂದಿಯಲ್ಲಿ ಬೆಂಚಿನ ತುದಿ ಹಿಡಿದು ಕುಳಿತಿದ್ದ. ಆ ಸಂದಿಯನ್ನು ಈಗ ತಾನೇ, ಸ್ವಂತ ಕೈಯಿಂದ, ಇಪ್ಪತ್ನಾಲ್ಕು ನಿಮಿಷದ ಲೆಕ್ಕದಿಂದ, ಮುಚ್ಚಿಬಿಟ್ಟಿದ್ದ.

"ಸ್ವಾಮಿ, ಸಂಜೆ ನನ್ನ ಕಾಗದ..." ಎಂದ.

"ಸಂಜೆ ಮೀಟಿಂಗ್ ಯಾಕೆ ಮೇಷ್ಟ್ರೇ?" ಎಂದರು ದೊಡ್ಡಮುನಿಯಪ್ಪನವರು. "ಇಲ್ಲೇ ಮುಗೀತಲ್ಲ, ಇಬ್ರೂ ಇದ್ದೀವಿ. ಕೋದಂಡರಾಮ ಸೋಮವಾರ ಬಂದು ಲೆಕ್ಕ ಹೇಳ್ಕೊಡ್ತಾನೆ. ನೀವು ಹಂಗಾಮಿ ತಾನೇ? ನಂಗಲಿ ಕಡೆ ಎಲ್ಲಾದ್ರೂ ಸ್ಕೂಲು ನೋಡೋಣ. ನಿಮ್ಮಂಥೋರಿಗೆ ಕೆಲಸಕ್ಕೇನು ಬರ?"

ಮುನಿಯಲ್ಲಮ್ಮ ಕೋಳಿಯನ್ನು ಎದೆಗವಚಿಕೊಂಡು, ತಾನು ಮಾಡಿದ್ದೇನೆಂದು ತಿಳಿದ ಮುಖದಲ್ಲಿ ಕದಿರೇಶನನ್ನು ನೋಡಿದಳು.

ಚನ್ನರಾಯಪ್ಪನವರು ಕಿಟಕಿಯಿಂದ ಕತ್ತು ಚಾಚಿದರು. "ಮೇಷ್ಟ್ರೇ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಮದುವೆ ಕೋಲಾರದ ಛತ್ರದಲ್ಲಿ. ಹೆಣ್ಣಿನ ಕಡೆಯವರು ನನ್ ಬಸ್ಸಲ್ಲಿ, ಗಂಡಿನ ಕಡೆಯವರು ಬಾವನ ಬಸ್ಸಲ್ಲಿ. ಯಾರು ಮೊದಲು ಬಂದಿಳಿದ್ರೂ ಇನ್ನೊಬ್ರಿಗೆ ಅವಮಾನ. ಒಟ್ಟಿಗೇ ಬರೋ ಹಾಗೆ ಯಾವ ಬಸ್ಸು ಎಷ್ಟೊತ್ತಿಗೆ ಹೊರಡ್ಬೇಕು, ಒಂದು ಲೆಕ್ಕ ಹಾಕ್ಕೊಡಿ."

"ಈ ಸೇತುವೆ ಮೇಲೆ ಮಾತ್ರ ಒಟ್ಟಿಗೆ ಬೇಡ," ಎಂದು ಮುನಿಶಾಮಿ ಮುಂದಿನಿಂದ ಕೂಗಿದ.

ಎರಡು ಬಸ್ಸಿನವರೂ ಕತ್ತು ಹೊರಹಾಕಿ ಕಾಯತೊಡಗಿದರು. ಕದಿರೇಶ ಜೇಬಿನಿಂದ ಪೆನ್ಸಿಲು ತೆಗೆದು, ತುದಿಯನ್ನು ನಾಲಗೆಗೆ ತಾಗಿಸಿ, ತಗ್ಗಿದ ದನಿಯಲ್ಲಿ ಕೇಳಿದ:

"ಇದ್ದಿಲು ಬಸ್ಸಿನ ವೇಗ ಗಂಟೆಗೆ ಎಷ್ಟು ಅಂತ ಹಿಡೀಲಿ?"

"ಇಪ್ಪತ್ತು ಅಂತ ಹಿಡೀರಿ ಮೇಷ್ಟ್ರೇ," ಎಂದರು ಚನ್ನರಾಯಪ್ಪನವರು ಗದರಿಸುವ ದನಿಯಲ್ಲಿ. "ಅದು ನಮ್ ಬೀಗರ ಬಸ್ಸು!"